ಐದನೇ ಕ್ಲಾಸಿನ ಮಧ್ಯಾಹ್ನದ ಪೀರಿಯಡ್ ನಾನೇ ತೆಗೆದುಕೊಂಡೆ

2025ರ ಜೂನ್‌ನಲ್ಲಿ ಶುರುವಾದ ಓಡಾಟ ಈ ಏಪ್ರಿಲ್‌ಗೆ ಒಂದು ಹಂತಕ್ಕೆ ಬಂತು. ನಾನು ಹಳೇ ಮೈಸೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ನಮ್ಮ ಐದನೇ ತರಗತಿಯಲ್ಲಿ ಒಬ್ಬ ಹುಡುಗ ಹೊಡೆಯುತ್ತಿದ್ದ, ಕಚ್ಚುತ್ತಿದ್ದ, ನೀರಿನ ಬಾಟಲಿ ಎಸೆಯುತ್ತಿದ್ದ, ಗೇಟು ಹಾರಿ ಓಡುತ್ತಿದ್ದ. ಅವನ ಹೆಸರು, ಊರು ಬರೆಯುವುದಿಲ್ಲ. ಇಂಥ ಮಗು ಇರುವ ಶಾಲೆಗಳಲ್ಲಿ ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಅದಕ್ಕಿಂತ ಜಾಸ್ತಿ, ನಮ್ಮದೇ ಸ್ಟಾಫನ್ನು ಹೇಗೆ ಜೊತೆಗೆ ಕರೆದುಕೊಂಡು ಹೋಗಬೇಕು ಅಂತ ತಿಳಿಯದೆ ಹೆಡ್‌ಮಾಸ್ಟರುಗಳು ಒದ್ದಾಡುತ್ತಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶಾಲೆ ತೆರೆದು ಸ್ವಲ್ಪ ದಿನಕ್ಕೇ ಕ್ಲಾಸ್ ಟೀಚರ್ ನನ್ನ ಕೊಠಡಿಗೆ ಬಂದು ಮುಂಗೈ ಚಾಚಿದರು. ಮೇಲಿನ ಹಲ್ಲು, ಕೆಳಗಿನ ಹಲ್ಲು, ಎರಡರ ಗುರುತೂ ಎದ್ದಿತ್ತು. "ನನಗೂ ಮನೇಲಿ ಮಕ್ಕಳಿದ್ದಾರೆ ಮೇಡಂ, ಬೇರೆ ಕ್ಲಾಸು ಕೊಡಿ" ಅಂದರು. ಅವರು ಹನ್ನೆರಡು ವರ್ಷ ಪಾಠ ಮಾಡಿದವರು, ಸುಮ್ನೆ ಗೋಳಾಡುವವರಲ್ಲ. ಅದೇ ವಾರ ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆ. ಮೂರ್ನಾಲ್ಕು ಪೋಷಕರು ಒಟ್ಟಿಗೇ ಎದ್ದು ನಿಂತರು. "ಅವನಿಗೆ ಟಿಸಿ ಕೊಡಿ, ಇಲ್ಲಾಂದ್ರೆ ನಮ್ಮ ಮಕ್ಕಳದು ಕೊಡಿ."

ಇಂಥ ಸಭೆಗೆ ಬರಿಗೈಲಿ ಹೋಗಬೇಡಿ. ನಾನು ಮೂರು ವಿಷಯ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ ಇಟ್ಟುಕೊಂಡಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಫೇಲ್ ಮಾಡುವ ವಿಚಾರ ಬದಲಾಯಿತೇ ಹೊರತು ಇದು ಬದಲಾಗಲಿಲ್ಲ. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಕರ್ತವ್ಯ ಅನ್ನುತ್ತದೆ. ಓದಿ ಹೇಳಿದೆ. ಕಾನೂನು ಕೇಳಿ ಯಾರೂ ಸಮಾಧಾನವಾಗಲಿಲ್ಲ, ನಿಜ ಹೇಳಬೇಕೆಂದರೆ. ಅವರ ಸಿಟ್ಟೂ ನ್ಯಾಯವಾದದ್ದೇ ಅಲ್ವಾ? ಒಬ್ಬ ಹುಡುಗಿಯ ಹಣೆಗೆ ಸ್ಟೀಲ್ ಬಾಟಲಿ ಬಡಿದಿತ್ತು. ಕೊನೆಗೆ ಅವರನ್ನು ತಡೆದದ್ದು ಕಾಯ್ದೆಯಲ್ಲ. "ನಾಳೆಯಿಂದ ಊಟದ ನಂತರದ ಪೀರಿಯಡ್ ನಾನೇ ತಗೋತೀನಿ. ದಸರಾ ತನಕ ಟೈಮ್ ಕೊಡಿ" ಅಂದಾಗ ಕೂತರು.

ಊಟದ ನಂತರವೇ ಯಾಕೆ ಅಂದರೆ, ಟೀಚರ್ ಹೇಳಿದ ಗಲಾಟೆಗಳಲ್ಲಿ ಹೆಚ್ಚಿನವು ಆಗಲೇ ಆಗುತ್ತಿದ್ದವು. ಅತಿ ಕಷ್ಟದ ಹೊತ್ತನ್ನು ಮುಖ್ಯ ಶಿಕ್ಷಕಿ ಇಟ್ಟುಕೊಂಡು ಸುಲಭದ ಹೊತ್ತನ್ನು ಟೀಚರ್‌ಗೆ ಬಿಟ್ಟರೆ ಮಾತ್ರ ಮುಂದೆ ಯಾವ ಸಲಹೆ ಕೊಟ್ಟರೂ ಅವರು ಕಿವಿ ಕೊಡುತ್ತಾರೆ. ಆಫೀಸಿನಲ್ಲಿ ಕೂತು "ಪ್ರೀತಿಯಿಂದ ನೋಡಿಕೊಳ್ಳಿ" ಅಂದರೆ ಯಾರಿಗೆ ಬೇಕು? ಇದಕ್ಕೆ ಬೆಲೆ ತೆತ್ತಿದ್ದೇನೆ. ಅಕ್ಷರ ದಾಸೋಹದ ರಿಜಿಸ್ಟರು, ಮಕ್ಕಳ ಆನ್‌ಲೈನ್ ದಾಖಲೆಯ ಎಸ್‌ಎಟಿಎಸ್ ಎಂಟ್ರಿ, ಎಲ್ಲವೂ ರಾತ್ರಿ ಊಟದ ಮೇಜಿನ ಮೇಲೆ ಆಗುತ್ತಿತ್ತು. ಬಿಇಒ ಕಚೇರಿಯ ಸಭೆಗೆ ಕರೆ ಬಂದ ದಿನ ಈ ಪೀರಿಯಡ್ ಯಾರದು ಅಂತ ಮೊದಲೇ ಎರಡನೇ ಹೆಸರು ಬರೆದಿಟ್ಟಿದ್ದೆ. ನೀವೂ ಇದನ್ನು ಮರೆಯಬೇಡಿ.

ಆ ಕ್ಲಾಸಿನಲ್ಲಿ ಮೊದಲ ದಿನಗಳಲ್ಲಿ ನಾನು ಮಾಡಿದ್ದು ಪಾಠಕ್ಕಿಂತ ಜಾಸ್ತಿ ನೋಡುವ ಕೆಲಸ. ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದೆ. ಮೊದಲು ಏನಾಯ್ತು, ಹುಡುಗ ಏನು ಮಾಡಿದ, ಆಮೇಲೆ ಏನಾಯ್ತು. ವಿಶೇಷ ಶಿಕ್ಷಣದವರು ಇದನ್ನು ಎಬಿಸಿ ದಾಖಲೆ ಅನ್ನುತ್ತಾರೆ. ನಿಯಮ ಒಂದೇ: ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. "ಹಠ ಮಾಡಿದ", "ಬೇಕಂತಲೇ ಮಾಡಿದ" ಅಂತ ಬರೆಯುವಂತಿಲ್ಲ. ಕ್ಲಾಸ್ ಟೀಚರ್ ಬೆಳಗಿನ ಹೊತ್ತಿನದು ಬರೆದರು, ನಾನು ಮಧ್ಯಾಹ್ನದ್ದು.

ಒಂದು ನಮೂದು ಹೀಗಿದೆ. "2.10. ಬೋರ್ಡಿನ ಮೇಲೆ ಎಂಟು ಸಾಲು, ಬರೆದುಕೊಳ್ಳಿ ಅಂದೆ. ಪೆನ್ಸಿಲ್ ಮೂಗಿಗೆ ಒತ್ತಿಕೊಂಡ. ಪಕ್ಕದವನ ಪುಸ್ತಕ ನೋಡಿದ. ಒಂದು ಸಾಲು ಬರೆದ, ಉಜ್ಜಿದ, ಹಾಳೆ ಹರಿಯಿತು. ಪಕ್ಕದವನು ನಕ್ಕ. 2.16ಕ್ಕೆ ಅವನ ಬೆನ್ನಿಗೆ ಗುದ್ದಿದ." ಮೂರನೇ ಕಾಲಂನಲ್ಲಿ ಏನಿರುತ್ತಿತ್ತು ಗೊತ್ತಾ? ಟೀಚರ್ ಬರೆದ ನಮೂದುಗಳಲ್ಲಿ ಪುಟ ಪುಟದಲ್ಲೂ ಒಂದೇ ಮಾತು: "ಹೊರಗೆ ಕಳಿಸಿದೆ."

ಕೆಲವು ವಾರದ ಪುಟಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಇಬ್ಬರಿಗೂ ಅರ್ಥವಾಯಿತು. ಬೋರ್ಡಿನಿಂದ ನಕಲು ಮಾಡುವ ಕೆಲಸ ಬಂದಾಗಲೇ ಜಗಳ. ಜಗಳವಾದರೆ ಹೊರಗೆ. ಹೊರಗೆ ಹೋದರೆ ಬರೆಯುವುದು ತಪ್ಪಿತು. ನಾವು ಶಿಕ್ಷೆ ಅಂದುಕೊಂಡದ್ದು ಅವನಿಗೆ ಬಿಡುಗಡೆಯಾಗಿತ್ತು. ಹಳೇ ಟೀಚರುಗಳನ್ನು ಕೇಳಿದೆ. ಮೂರನೇ ತರಗತಿ ತನಕ ದೂರೇ ಇರಲಿಲ್ಲವಂತೆ. ಆ ತನಕ ನಲಿ-ಕಲಿ. ನೆಲದ ಮೇಲೆ ಗುಂಪು, ಕಾರ್ಡು, ಹಾಡು, ತನ್ನ ಮೆಟ್ಟಿಲಲ್ಲಿ ತಾನು. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಪಠ್ಯಪುಸ್ತಕ, ಬೋರ್ಡು. ನಲಿ-ಕಲಿಯಲ್ಲಿ ಅವನು ಹಿಂದೆ ಬಿದ್ದದ್ದು ಯಾರಿಗೂ ಚುಚ್ಚಿರಲಿಲ್ಲ. ಇಲ್ಲಿ ನಲವತ್ತು ಕಣ್ಣಿಗೆ ಬಿತ್ತು.

ನಂತರ ಸ್ಟಾಫ್ ಮೀಟಿಂಗ್. ಇದು ಎಸ್‌ಡಿಎಂಸಿಗಿಂತ ಕಷ್ಟದ್ದು. ನಮ್ಮ ಹಿರಿಯ ಮೇಷ್ಟ್ರೊಬ್ಬರು "ನಮ್ಮ ಕಾಲದಲ್ಲಿ ಎರಡು ಬಿಟ್ಟಿದ್ರೆ ಸರಿಹೋಗ್ತಿತ್ತು" ಅಂದರು. ನಾನು ವಾದಕ್ಕೆ ನಿಲ್ಲಲಿಲ್ಲ. ನೋಟ್‌ಬುಕ್ ಅವರ ಮುಂದೆ ಇಟ್ಟು, "ನೀವು ಗಣಿತದವರು, ಇದರಲ್ಲಿ ಲೆಕ್ಕ ಹಿಡಿದುಕೊಡಿ ಸಾರ್" ಅಂದೆ. ಮರುದಿನ ಅವರೇ ಬಂದು, "ನಕಲು ಮಾಡೋ ಕೆಲಸ ಇಲ್ಲದ ದಿನ ಇವನ ಹೆಸರೇ ಇಲ್ವಲ್ಲ" ಅಂದರು.

ಮೀಟಿಂಗಿಗೆ ಅಡುಗೆ ಅಮ್ಮನನ್ನೂ ಕರೆದಿದ್ದೆ. ಕೆಲವರಿಗೆ ಹಿಡಿಸಲಿಲ್ಲ. ಆದರೆ ಗೇಟಿಗೆ ಹತ್ತಿರ ಇರುವುದು ಅಡುಗೆ ಮನೆ. ಹುಡುಗ ಓಡಿದಾಗ ಮೊದಲು ಕಾಣುವುದು ಅವರಿಗೆ. ಅವನು ಯಾರ ಹತ್ತಿರವಾದರೂ ಬೇಗ ತಣ್ಣಗಾಗುತ್ತಿದ್ದರೆ ಅದು ಅವರ ಹತ್ತಿರ. ಏನು ಮಾಡ್ತೀರಿ ಅಂತ ಕೇಳಿದೆ. "ಏನೂ ಇಲ್ಲ ಮೇಡಂ. ಮಾತಾಡ್ಸಕ್ಕೆ ಹೋಗಲ್ಲ. ಪಕ್ಕಕ್ಕೆ ಒಂದು ತಟ್ಟೆ ಬೆಳ್ಳುಳ್ಳಿ ಇಡ್ತೀನಿ. ಒಂದೆರಡು ಗಡ್ಡೆ ಸುಲಿಯೋ ಹೊತ್ತಿಗೆ ಉಸಿರು ಸರಿಹೋಗಿರುತ್ತೆ." ಯಾವ ತರಬೇತಿಯಲ್ಲೂ ಇಷ್ಟು ಚೆನ್ನಾಗಿ ಹೇಳಿದ್ದು ನಾನು ಕೇಳಿಲ್ಲ. ಮಗು ಕೆರಳಿ ನಿಂತಾಗ ನಾವು ಮಾಡುವ ದೊಡ್ಡ ಕೆಲಸ ಬುದ್ಧಿವಾದ. ಆ ಹೊತ್ತಿನಲ್ಲಿ ಒಂದಕ್ಷರವೂ ಅವನ ತಲೆಗೆ ಹೋಗುವುದಿಲ್ಲ.

ಅಲ್ಲಿ ನಾವು ಒಪ್ಪಿಕೊಂಡ ವ್ಯವಸ್ಥೆ ಸರಳವಾದದ್ದು. ಪರಿಸ್ಥಿತಿ ಕೈಮೀರುತ್ತಿದೆ ಅನ್ನಿಸಿದರೆ ಟೀಚರ್ ಒಂದು ಕೆಂಪು ಕಾರ್ಡನ್ನು ಕ್ಲಾಸ್ ಲೀಡರ್ ಕೈಲಿ ಕಳಿಸುತ್ತಾರೆ. ಚೀಟಿ, ವಿವರಣೆ ಏನೂ ಬೇಡ. ಕಾರ್ಡು ಬಂದರೆ ನಾನು ಏನೇ ಮಾಡುತ್ತಿದ್ದರೂ ಎದ್ದು ಹೋಗಬೇಕು. ಹೋಗಿ ಹುಡುಗನನ್ನು ಬೈಯುವುದಲ್ಲ. ಉಳಿದ ಮಕ್ಕಳನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಪಾಠ ಮುಂದುವರಿಸುವುದು. ಅವನ ಜೊತೆ ಒಬ್ಬರೇ ಉಳಿಯಬೇಕು, ಎರಡು ಮಾರು ದೂರದಲ್ಲಿ, ಬಾಗಿಲಿಗೆ ಅಡ್ಡ ನಿಲ್ಲದೆ. ಕೈ ಹಿಡಿದು ಎಳೆಯುವಂತಿಲ್ಲ. ಕಚ್ಚಿದ್ದೆಲ್ಲ ಯಾರೋ ಹಿಡಿದು ಎಳೆದಾಗಲೇ ಆದದ್ದು, ನೋಟ್‌ಬುಕ್ ಅದನ್ನೂ ಹೇಳಿತ್ತು. ಸಂಜೆ ಹೋಗುವ ಮುಂಚೆ ಆ ಟೀಚರ್ ಜೊತೆ ಟೀ. ಯಾರು ತಪ್ಪು ಮಾಡಿದರು ಅಂತ ಅಲ್ಲ, ನಾಳೆ ಏನು ಬದಲಿಸೋಣ ಅಂತ ಅಷ್ಟೇ. ಈ ಟೀ ತಪ್ಪಿಸಬೇಡಿ. ಏಟು ತಿಂದ ಟೀಚರ್ ಒಬ್ಬರೇ ಬಸ್ ಹತ್ತಿ ಮನೆಗೆ ಹೋಗುವುದು ಒಳ್ಳೆಯದಲ್ಲ. ಬೇಕಾದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಫೋನ್ ಮಾಡಬಹುದು, ದಿನದ ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮಲ್ಲಿ ಒಬ್ಬರು ಮಾಡಿದ್ದರು.

ಕ್ಲಾಸಿನೊಳಗೆ ಬದಲಿಸಿದ್ದು ಸ್ವಲ್ಪವೇ. ಬೋರ್ಡಿನ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿ ಅವನ ಡೆಸ್ಕಿಗೆ. ಎಂಟು ಸಾಲಿನ ಬದಲು ಎರಡು, ಉಳಿದದ್ದಕ್ಕೆ ಬಾಯಲ್ಲಿ ಉತ್ತರ. ಸಾಕಾಯಿತು ಅನ್ನಿಸಿದರೆ ಹಳದಿ ಕಾರ್ಡು ತೋರಿಸಿ ಗಿಡಕ್ಕೆ ಒಂದು ಬಿಂದಿಗೆ ನೀರು ಹಾಕಿ ಬರಬಹುದು. ಬಂದ ಮೇಲೆ ಕೆಲಸ ಅಲ್ಲೇ ಕಾದಿರುತ್ತದೆ. ಹೊಡೆದು ಹೊರಗೆ ಹೋಗುವ ದಾರಿ ಮುಚ್ಚಿ, ಕೇಳಿ ಹೊರಗೆ ಹೋಗುವ ದಾರಿ ತೆರೆದೆವು. ಉಳಿದ ಮಕ್ಕಳಿಗೆ "ಇವನಿಗೆ ಬರೆಯೋದು ಕಷ್ಟ, ನಿನಗೆ ಗುಣಾಕಾರ ಕಷ್ಟ ಇಲ್ವಾ, ಹಾಗೆ" ಅಂತ ಹೇಳಿದ್ದು ಸಾಕಾಯಿತು. ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪಿಕೊಂಡರು.

ಈಗ ಎಲ್ಲರೂ ಕೈಬಿಡುವ ಜಾಗ. ಹೊರಗೆ ಕಳಿಸುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಗಲಾಟೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಲ್ಲಿ ತನಕ ಕೆಲಸ ಮಾಡಿದ ಉಪಾಯ ಕೆಲಸ ಮಾಡದಿದ್ದರೆ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಇದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ವಿಷಯ. ಸ್ಟಾಫಿಗೆ ಇದನ್ನು ಮೊದಲೇ ಹೇಳಿಡಿ. ಹೇಳಿದ್ದರಿಂದಲೇ ನಮ್ಮ ಟೀಚರ್ ತಡೆದುಕೊಂಡರು. ನಾನು ಮಾತ್ರ ಒಂದು ಸಂಜೆ ಬಾಗಿಲು ಹಾಕಿಕೊಂಡು ಅತ್ತೆ. ಅವತ್ತು ಅವನು ಎಸೆದ ಡಬ್ಬಿ ನನ್ನ ಕನ್ನಡಕಕ್ಕೆ ಬಿದ್ದಿತ್ತು. ಅವನ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಇದರ ಜೊತೆಗೇ ಆಸ್ಪತ್ರೆಯ ಕಡೆ ನಡೆದದ್ದು ಬೇರೆಯೇ ಕಥೆ. ಮೊದಲು ಎನ್‌ಸಿಇಆರ್‌ಟಿ 2022ರಲ್ಲಿ ತಂದ, ಅಂಗವೈಕಲ್ಯದ ಲಕ್ಷಣ ಗುರುತಿಸುವ ಪ್ರಶಸ್ತ್ ಪಟ್ಟಿ ತುಂಬಿದೆವು. ಮೊದಲ ಭಾಗ ಕ್ಲಾಸ್ ಟೀಚರ್‌ದು, ಎರಡನೇ ಭಾಗ ವಿಶೇಷ ಶಿಕ್ಷಕರು ಅಥವಾ ಮುಖ್ಯ ಶಿಕ್ಷಕರದು. ಇದು ರೋಗ ಹೇಳುವುದಿಲ್ಲ, ಪರೀಕ್ಷೆ ಮಾಡಿಸಬೇಕೋ ಬೇಡವೋ ಅಂತ ಸೂಚನೆ ಕೊಡುತ್ತದೆ ಅಷ್ಟೇ. ಸಮಗ್ರ ಶಿಕ್ಷಣದಡಿ ತಾಲ್ಲೂಕಿಗೆ ಬಿಐಇಆರ್‌ಟಿ ಅಂತ ಇರುತ್ತಾರೆ, ವಿಶೇಷ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಜನ. ಕಾದರೆ ಬರುವುದು ತಡ. ನಾನೇ ಅವರು ಕೂರುವ ಬಿಆರ್‌ಸಿಗೆ, ಅಂದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ದಿನ ಗೊತ್ತು ಮಾಡಿಕೊಂಡು ಬಂದೆ. ಅವರು ನಮ್ಮ ಮೂರು ಕಾಲಂ ಪುಸ್ತಕ ನೋಡಿ, ಅರ್ಧ ಕೆಲಸ ಆಗಿದೆ ಅಂದರು.

ಆಮೇಲೆ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು. ಒಂದು ದಿನ ರಜೆ ಅಂದರೆ ಒಂದು ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ. "ನನ್ನ ಮಗನಿಗೆ ಹುಚ್ಚು ಅಂತೀರಾ?" ಅಂತ ಮೊದಲ ಸಲ ಕೇಳಿದಾಗ ಅವರ ಗಂಟಲು ಕಟ್ಟಿತ್ತು. ಆಸ್ಪತ್ರೆಯ ಮಾತು ತೆಗೆಯುವ ಮುಂಚೆ ಮನೆಗೆ ಹೋಗಿ, ಅವನು ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳಿ ಬನ್ನಿ. ಅಲ್ಲಿ ತನಕ ಶಾಲೆಯಿಂದ ಆ ತಾಯಿಗೆ ಹೋದ ಫೋನೆಲ್ಲ ದೂರೇ.

ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ತಾಯಿಗೂ ನನಗೂ ಶೂನ್ಯ ಟಿಕೆಟ್, ಹುಡುಗನಿಗೆ ಮಾತ್ರ ಅರ್ಧ ಟಿಕೆಟ್. ಅದನ್ನು ಅವನು ದಾರಿಯುದ್ದಕ್ಕೂ ಕೈಲಿ ಹಿಡಿದುಕೊಂಡು ಬಂದ, ತನ್ನದಕ್ಕೆ ಮಾತ್ರ ದುಡ್ಡು ಕೊಟ್ಟಿದ್ದಾರೆ ಅಂತ ಹೆಮ್ಮೆ. ಗುರುತಿನ ಚೀಟಿ ಮರೆತರೆ ಶೂನ್ಯ ಟಿಕೆಟ್ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಕಾಯುವುದೇ ದೊಡ್ಡ ಪರೀಕ್ಷೆ. ಗದ್ದಲ, ಅಳುವ ಮಕ್ಕಳು, ಕೂಗುವ ಹೆಸರುಗಳು. ಒಬ್ಬರು ಸಾಲಿನಲ್ಲಿ ನಿಂತು ಇನ್ನೊಬ್ಬರು ಅವನ ಜೊತೆ ಹೊರಗೆ ಮರದ ಕೆಳಗೆ ಇರುವ ಹಾಗೆ ಎರಡು ಜನ ಹೋಗಿ. ತಿಂಡಿ, ನೀರು, ಒಂದು ಚೆಂಡು ಜೊತೆಗಿರಲಿ.

ಮನೋವೈದ್ಯರು ನೋಡಿ, ವಿವರವಾದ ಪರೀಕ್ಷೆಗೆ ಬರೆದುಕೊಟ್ಟರು. ಜಿಲ್ಲಾ ಮಟ್ಟದಲ್ಲಿ ಮಕ್ಕಳಿಗಾಗಿಯೇ ಡಿಇಐಸಿ ಅಂತ ಕೇಂದ್ರ ಇರುತ್ತದೆ. ಮಕ್ಕಳ ಆರೋಗ್ಯ ನೋಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಶಾಲೆಗೆ ತಪಾಸಣೆಗೆ ಬಂದಾಗ ಹೇಳಿದರೆ ಅವರೇ ಅಲ್ಲಿಗೆ ಚೀಟಿ ಕೊಡುತ್ತಾರೆ, 18 ವರ್ಷದ ತನಕ. ನಮಗೆ ಸಿಕ್ಕ ದಿನಾಂಕ ಬಹಳ ಮುಂದಿತ್ತು. ಹೋದ ದಿನ ಸೈಕಾಲಜಿಸ್ಟ್ ರಜೆ. ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೊರಟಿದ್ದೆವು, ಆದರೂ. ಕೊನೆಗೆ ನಾವು ಮೈಸೂರಿಗೆ ಹೋದೆವು, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮೈಸೂರಿನ ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದರೇ ತಿಳಿಯುವುದು. ಮಾತು, ಕಿವಿ ಮಾತ್ರ ಅಲ್ಲ, ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಅಲ್ಲಿದೆ. ಶ್ರವಣ ಪರೀಕ್ಷೆ, ಬುದ್ಧಿಮತ್ತೆ ಪರೀಕ್ಷೆ, ಓದು ಬರಹದ ಪರೀಕ್ಷೆ. ಬುದ್ಧಿಮತ್ತೆ ಸರಿಯಾಗೇ ಇತ್ತು. ಓದು ಬರಹ ಎರಡನೇ ತರಗತಿಯಲ್ಲೇ ನಿಂತಿತ್ತು. ನಿರ್ದಿಷ್ಟ ಕಲಿಕಾ ನ್ಯೂನತೆ, ಜೊತೆಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರಿಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ವರದಿಯಲ್ಲಿ ಎರಡೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಬರೆದಿದೆಯಾ ಅಂತ ಅಲ್ಲೇ ಓದಿಸಿಕೊಂಡು ಬನ್ನಿ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ಅದರ ಮೇಲೆ ನಿಂತಿರುತ್ತದೆ.

ಅರ್ಜಿ ಉಚಿತ. ಸೈಬರ್ ಸೆಂಟರಿನವರು ತಮ್ಮ ಕೂಲಿ ತೆಗೆದುಕೊಳ್ಳುತ್ತಾರೆ, ಅದು ಬೇರೆ. ನಮಗೆ ತೊಡಕಾದದ್ದು ಆಧಾರ್. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಮೇಲೆ ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ತಂದೆಯ ಹಳೇ ಸಿಮ್‌ನದು, ಒಟಿಪಿ ಬರುವುದಿಲ್ಲ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಎರಡನ್ನೂ ಸರಿಮಾಡಿಸಿ, ಆಮೇಲೆ ಉಳಿದದ್ದು. ಇದನ್ನು ಜೂನ್‌ನಲ್ಲೇ ಮಾಡಿದ್ದರೆ ಎಷ್ಟೋ ವಾರ ಉಳಿಯುತ್ತಿತ್ತು. ಖರ್ಚಿನಲ್ಲಿ ದೊಡ್ಡದು ಆಸ್ಪತ್ರೆಯದಲ್ಲ. ತಾಯಿಯ ಸಂಬಳ, ಆಟೋ, ಹೋಟೆಲ್ ಊಟ, ಜೆರಾಕ್ಸ್. ಶಾಲಾ ಅನುದಾನದಲ್ಲಿ ಇದಕ್ಕೆ ಜಾಗವಿಲ್ಲ. ಮೈಸೂರಿನ ಖರ್ಚಿಗೆ ಎಸ್‌ಡಿಎಂಸಿ ಅಧ್ಯಕ್ಷರು ತಾವಾಗಿಯೇ ಕೊಟ್ಟರು. ಜೂನ್‌ನಲ್ಲಿ ಟಿಸಿ ಕೊಡಿ ಅಂದವರಲ್ಲಿ ಅವರೂ ಒಬ್ಬರು.

ಸೆಪ್ಟೆಂಬರ್ ಹೊತ್ತಿಗೆ ಕೆಂಪು ಕಾರ್ಡು ಅಪರೂಪವಾಗಿತ್ತು. ಆಗ ಬಂತು ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ, ಜನ ಜಾತಿ ಗಣತಿ ಅಂದದ್ದು. 22ಕ್ಕೆ ಶುರು, ರಜೆ ಅಕ್ಟೋಬರ್ 18ರ ತನಕ ಮುಂದಕ್ಕೆ, ಅದರ ಬೆನ್ನಿಗೇ ದೀಪಾವಳಿ. ನಾವೆಲ್ಲ ಮೊಬೈಲ್ ಹಿಡಿದು ಮನೆಮನೆ. ಶಾಲೆ ತೆರೆದಾಗ ಹುಡುಗ ಜೂನ್‌ನ ಹುಡುಗನೇ ಆಗಿದ್ದ. ಅದೇ ವಾರ ಹೊಸ ಅತಿಥಿ ಶಿಕ್ಷಕರು ಬಂದರು. ಹಳದಿ ಕಾರ್ಡಿನ ವಿಷಯ ಗೊತ್ತಿಲ್ಲದ ಅವರು "ಕೂತ್ಕೋ, ನಾಟಕ ಮಾಡಬೇಡ" ಅಂದರು. ಕಿಟಕಿಯ ಒಂದು ಗಾಜು ಹೋಯಿತು. ಅಂದಿನಿಂದ ಅವನ ಯೋಜನೆಯನ್ನು ಒಂದೇ ಪುಟಕ್ಕೆ ಇಳಿಸಿ ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿದ್ದೇವೆ. ಹಾಜರಿ ತೆಗೆಯದೆ ಯಾರೂ ಪಾಠ ಶುರುಮಾಡುವುದಿಲ್ಲವಲ್ಲ. ಎಲ್ಲ ವಾಪಸ್ ದಾರಿಗೆ ಬರಲು ಜೂನ್‌ನಲ್ಲಿ ಹಿಡಿದಷ್ಟು ಕಾಲ ಹಿಡಿಯಲಿಲ್ಲ. ದೊಡ್ಡ ರಜೆ ಮುಗಿದ ಮೊದಲ ವಾರಕ್ಕೆ ನಾನು ಯಾವ ಸಭೆಯನ್ನೂ ಒಪ್ಪಿಕೊಳ್ಳದೆ ಈಗ ಖಾಲಿ ಇಟ್ಟುಕೊಳ್ಳುತ್ತೇನೆ.

ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಪೀರಿಯಡನ್ನು ಕ್ಲಾಸ್ ಟೀಚರ್ ತಾವೇ ವಾಪಸ್ ಕೇಳಿದರು. ಒಮ್ಮೆಗೇ ಬಿಡಲಿಲ್ಲ. ಸ್ವಲ್ಪ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತೆ, ಆಮೇಲೆ ಅರ್ಧ ಪೀರಿಯಡ್, ಆಮೇಲೆ ಬಾಗಿಲಲ್ಲಿ ಒಮ್ಮೆ ತಲೆ ಹಾಕುವುದು. ಅವನಿಗಿಂತ ಟೀಚರ್‌ಗೆ ಈ ಇಳಿಮುಖ ಬೇಕಾಗಿತ್ತು. ಹುಡುಗ ಈಗ ಸಾಧು ಆಗಿಬಿಟ್ಟಿದ್ದಾನೆ ಅಂತ ತಿಳಿಯಬೇಡಿ. ಫೆಬ್ರವರಿಯಲ್ಲೂ ಒಬ್ಬನ ಚೀಲ ಬಾವಿಕಟ್ಟೆಗೆ ಎಸೆದಿದ್ದಾನೆ. ಕಚ್ಚುವುದು ಮಾತ್ರ ನಿಂತಿದೆ, ಗೇಟು ಹಾರುವುದೂ.

ಯುಡಿಐಡಿ ಕಾರ್ಡು ಏಪ್ರಿಲ್‌ನಲ್ಲಿ ಅಂಚೆಯಲ್ಲಿ ಬಂತು. ಇದರ ಉಪಯೋಗ ಈಗಿನದಕ್ಕಿಂತ ಮುಂದೆ ಜಾಸ್ತಿ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕಾದಾಗ. ವಯಸ್ಸಾದಂತೆ ಮರುಪರೀಕ್ಷೆಯೂ ಇರುತ್ತದೆ, ಹಾಗಾಗಿ ಹಳೇ ವರದಿ ಬಿಸಾಡುವಂತಿಲ್ಲ. ಮೂಲ ಪ್ರತಿಗಳು ತಾಯಿಯ ಹತ್ತಿರ, ಒಂದು ಸೆಟ್ ಜೆರಾಕ್ಸ್ ಶಾಲೆಯಲ್ಲಿ. ಜೂನ್‌ನಿಂದ ಆರನೇ ತರಗತಿ. ಒಬ್ಬರ ಬದಲು ವಿಷಯಕ್ಕೊಬ್ಬರು ಟೀಚರ್. ಮೊದಲ ವಾರ ಊಟದ ನಂತರ ಗಣಿತ ಬೇಡ, ದೈಹಿಕ ಶಿಕ್ಷಣ ಇರಲಿ ಅಂತ ಹಿರಿಯ ಮೇಷ್ಟ್ರೇ ವೇಳಾಪಟ್ಟಿ ಬದಲಿಸಿ ತಂದುಕೊಟ್ಟಿದ್ದಾರೆ. ಅದಕ್ಕೆ ಸಹಿ ಹಾಕಿದ್ದೇನೆ.